ಅಲ್ಯುಮಿನಿಯಂ ಪಾತ್ರೆಯೂ ಅದರ ಬಂಧುಬಳಗವೂ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಅಲ್ಯುಮಿನಿಯಂ ತಪ್ಪಲೆ ಕೆಟ್ಟುಹೋಯಿತು. ತಪ್ಪು ತಪ್ಪಲೆಯದಲ್ಲ, ನಮ್ಮದೇ. ಅನ್ನ ಸೀದು ತಳ ಹಿಡಿದಿದ್ದ ಪಾತ್ರೆಯನ್ನು ತಿಕ್ಕಿ ತಿಕ್ಕಿ ಬೇಸತ್ತು, ಬಟ್ಟೆ ಒಗೆಯುವ ಸೋಡಾವನ್ನು ಒಂದು ಹಿಡಿ ಹಾಕಿ, ನೀರು ತುಂಬಿ ಒಲೆಯ ಮೇಲಿಟ್ಟೆವು. ನೀರು ಕುದಿಯುವುದಕ್ಕೆ ಮುಂಚೆಯೇ ಪಾತ್ರೆಯ ಒಳಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು; ಬರಬರುತ್ತ ನೊರೆಯೇ ಎದ್ದಿತು. ಸೀದದ್ದೇನೋ ಬಿಟ್ಟುಕೊಂಡಿತು. ಆದರೆ ಪಾತ್ರೆಯ ಒಳಮೈ ಕಾಡಿಗೆ ಬಳಿದಂತೆ ಕಪ್ಪಾಯಿತು. ಮೊದಲೇ ಸವೆದಿದ್ದ ತಳದ ಒಂದು ಎಡೆಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರವೂ ಕಾಣಿಸಿತು. ನಮ್ಮ ಅತ್ತಿಗೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಓದಿದವರ ಕೈಗೆ ಪಾತ್ರೆ ಕೊಟ್ಟದ್ದು ನನ್ನ ತಪ್ಪು” ಎಂದಿಷ್ಟೇ ಹೇಳಿದರು.

ಆ ಮಾತಿನ ಪ್ರಾಯಶ್ಚಿತ್ತವಾಗಿ ಈ ಲೋಹದ ವಿಷಯವನ್ನು ಒಂದಿಷ್ಟು ವಿಚಾರಿಸಿದೆವು. ವಿಚಾರಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತ ಬಂದಿತು. ಅಲ್ಯುಮಿನಿಯಮ್ಮಿನ ಗುಣದೋಷಗಳೆಲ್ಲ ಅದಕ್ಕೆ ಆಮ್ಲಜನಕದ ಮೇಲಿರುವ ಅತಿಯಾದ ಮೋಹದಿಂದ ಹುಟ್ಟಿದವು. ಅದು ಬಹುಕಾಲ ಮನುಷ್ಯನ ಕಣ್ಣಿಗೆ ಬೀಳದೆ ಇದ್ದುದಕ್ಕೂ, ಒಮ್ಮೆ ಅರಸರ ಮನೆಯ ಸೊತ್ತಾಗಿದ್ದುದಕ್ಕೂ, ಇಂದು ಬಡವರ ಅಡುಗೆಮನೆಯಲ್ಲಿ ತುಕ್ಕು ಹಿಡಿಯದೆ ಬಾಳುವುದಕ್ಕೂ, ನಮ್ಮ ತಪ್ಪಲೆ ತೂತಾದುದಕ್ಕೂ ಮೂಲಕಾರಣ ಒಂದೇ.

ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 8 ಪಾಲು ಅಲ್ಯುಮಿನಿಯಂ ಇದೆ. ಲೋಹಗಳಲ್ಲಿ ಇಷ್ಟು ಹೇರಳವಾಗಿರುವುದು ಬೇರೊಂದಿಲ್ಲ. ಕಬ್ಬಿಣವೂ ಇದರ ಹಿಂದೆಯೇ. ಕುಂಬಾರನ ಜೇಡಿಮಣ್ಣಿನಲ್ಲಿ ಇದು ಇದೆ. ಕದಡಿದ ನೀರನ್ನು ತಿಳಿಮಾಡಲು ನಮ್ಮ ಅಜ್ಜಿಯಂದಿರು ಉಪಯೋಗಿಸುತ್ತಿದ್ದ, ಕ್ಷೌರಿಕನು ಗಾಯಕ್ಕೆ ಒತ್ತುವ ಪಟಿಕದಲ್ಲಿ ಇದೆ. ಪಟಿಕದ ಲ್ಯಾಟಿನ್ ಹೆಸರಿನಿಂದಲೇ ಲೋಹಕ್ಕೂ ಹೆಸರು ಬಂದಿತು. ಇನ್ನೂ ಸೋಜಿಗವೆಂದರೆ, ಮಾಣಿಕ್ಯವೂ ನೀಲಮಣಿಯೂ ಅಲ್ಯುಮಿನಿಯಮ್ಮು ಆಮ್ಲಜನಕದೊಡನೆ ಕೂಡಿದುದರ ಹರಳುಗಳೇ ಹೊರತು ಬೇರೆಯಲ್ಲ. ಲವಲೇಶ ಬೆರಕೆಯಿಂದ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಸಾಣೆ ಹಿಡಿಯಲು ಬಳಸುವ ಕುರುವಿಂದದ ಕಲ್ಲೂ ಇದೇ ಕುಲದ್ದು. ಇಷ್ಟೆಲ್ಲ ಕಡೆ ಇದ್ದರೂ ಲೋಹವಾಗಿ ಮಾತ್ರ ಇದು ಎಲ್ಲಿಯೂ ಸುಲಭವಾಗಿ ಸಿಕ್ಕದು. ಚಿನ್ನವು ಹೊಳೆಯ ಮರಳಿನಲ್ಲಿ ಚಿನ್ನವಾಗಿಯೇ ದೊರೆಯುವುದು. ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಸಿದರೆ ಆಮ್ಲಜನಕವು ಕಬ್ಬಿಣವನ್ನು ಬಿಟ್ಟು ಇದ್ದಿಲಿನ ಹಿಂದೆ ಹೋಗುವುದು. ಅಲ್ಯುಮಿನಿಯಮ್ಮಾದರೋ ಕುಲುಮೆಯ ಇದ್ದಿಲಿಗೆ ಸೊಪ್ಪುಹಾಕುವುದಿಲ್ಲ. ಹಿಡಿದ ಕೈ ಬಿಡುವುದಿಲ್ಲ.

1825ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಎಂಬ ವಿಜ್ಞಾನಿಯೂ, ಎರಡು ವರ್ಷಗಳ ತರುವಾಯ ಜರ್ಮನಿಯ ವೋಲರನೂ ಪೊಟ್ಯಾಸಿಯಮ್ಮಿನ ಸಹಾಯದಿಂದ ಇದನ್ನು ಮೊದಲು ಬೇರ್ಪಡಿಸಿದರು. ದೊರೆತದ್ದು ಅತ್ಯಲ್ಪ. 1854ರಲ್ಲಿ ಫ್ರಾನ್ಸಿನ ಡೆವಿಲ್ ಎಂಬಾತನು ಹೆಚ್ಚು ಪ್ರಮಾಣದಲ್ಲಿ ತೆಗೆಯುವ ಕ್ರಮವನ್ನು ಕಂಡುಹಿಡಿದಾಗ ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ಸೈನ್ಯಕ್ಕೆ ಹಗುರವಾದ ಸಲಕರಣೆಗಳಾದಾವೆಂಬ ಆಸೆಯಿಂದ ಧನಸಹಾಯ ಮಾಡಿದನು. ಸೈನ್ಯಕ್ಕೆ ಸಲಕರಣೆಗಳು ಒದಗಲಿಲ್ಲ. ಅವನ ಹಸುಗೂಸಿಗೆ ಮಾತ್ರ ಅಲ್ಯುಮಿನಿಯಮ್ಮಿನ ಒಂದು ಗಿಲಕಿ ಸಿಕ್ಕಿತು. ಅವನ ಔತಣಗಳಲ್ಲಿ ಮಾನ್ಯರಾದ ಅತಿಥಿಗಳಿಗೆ ಅಲ್ಯುಮಿನಿಯಂ ಚಮಚಗಳನ್ನೂ ಉಳಿದವರಿಗೆ ಚಿನ್ನದ ಚಮಚಗಳನ್ನೂ ಇಡುತ್ತಿದ್ದರೆಂಬ ಕಥೆಯನ್ನು ಎಲ್ಲರೂ ಹೇಳುವರು. ಕಥೆ ಎಷ್ಟರಮಟ್ಟಿಗೆ ನಿಜವೋ, ಹೇಳುವವರ ಉತ್ಸಾಹವಂತೂ ನಿಜ.

ನಿಶ್ಚಯವಾದ ಸಂಗತಿಯೊಂದನ್ನು ಹೇಳುವೆವು. ಅಮೆರಿಕದ ರಾಜಧಾನಿಯಲ್ಲಿ 555 ಅಡಿ ಎತ್ತರದ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ, ನಮ್ಮ ದೇವಾಲಯಗಳಿಗೆ ಕಳಶವಿಟ್ಟಂತೆ, ಒಂದು ಲೋಹದ ಶಿಖರವನ್ನು 1884ನೆಯ ಇಸವಿ ಡಿಸೆಂಬರ್ 6ರಂದು ಕೂರಿಸಿದರು. ಅದು 100 ಔನ್ಸು, ಎಂದರೆ 3 ಕಿಲೋಗ್ರಾಮಿಗೂ ಕೊಂಚ ಕಡಮೆ ತೂಕದ ಅಲ್ಯುಮಿನಿಯಂ. ಕೂರಿಸುವ ಮುಂಚೆ ಅದನ್ನು ನ್ಯೂಯಾರ್ಕಿನ ಹೆಸರಾಂತ ಆಭರಣದ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಜನರು ನೆಲದ ಮೇಲಿದ್ದ ಅದನ್ನು ದಾಟಿ, “ವಾಷಿಂಗ್ಟನ್ ಸ್ತಂಭದ ತುದಿಯನ್ನೇ ಹಾರಿದೆವು” ಎಂದು ಹೇಳಿಕೊಂಡು ಹೋಗುತ್ತಿದ್ದರಂತೆ. ಇಂದು ಅಷ್ಟೇ ತೂಕದ ಲೋಹವು ಮದುವೆಮನೆಯ ಒಂದು ಕೊಳಗದಲ್ಲಿ ಇದ್ದೀತು.

ಬೆಲೆ ಇಳಿದುದು ಹೇಗೆ? ಆ ಕಳಶವಿಟ್ಟ ಎರಡೇ ವರ್ಷಗಳಲ್ಲಿ, 1886ರಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ತರುಣರು ಒಂದೇ ಉಪಾಯವನ್ನು ಕಂಡುಹಿಡಿದರು. ಒಬ್ಬನು ಅಮೆರಿಕದ ಓಹಾಯೊ ಸಂಸ್ಥಾನದ ಚಾರ್ಲ್ಸ್ ಮಾರ್ಟಿನ್ ಹಾಲ್. ಇನ್ನೊಬ್ಬನು ಫ್ರಾನ್ಸಿನ ಪಾಲ್ ಎರೂ. ಇಬ್ಬರೂ ಹುಟ್ಟಿದುದು 1863ರಲ್ಲಿ, ತೀರಿಕೊಂಡುದು 1914ರಲ್ಲಿ. ಹಾಲನು ತನ್ನ ಮನೆಯ ಹಿಂದಿನ ಸೌದೆಕೊಟ್ಟಿಗೆಯಲ್ಲಿ ಪ್ರಯೋಗ ನಡೆಸಿದನು. ರಸಾಯನಶಾಸ್ತ್ರವನ್ನು ತಾನೂ ಓದಿದ್ದ ಅಕ್ಕ ಜೂಲಿಯಾ ಅವನ ಕೆಲಸವನ್ನು ಹತ್ತಿರದಿಂದ ಬಲ್ಲವಳಾಗಿದ್ದಳು. ಅಲ್ಯುಮಿನಿಯಮ್ಮಿನ ಆಕ್ಸೈಡು ಕರಗಬೇಕಾದರೆ 2000 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಶಾಖ ಬೇಕು. ಅದನ್ನು ಕ್ರಯೊಲೈಟ್ ಎಂಬ ಖನಿಜದ ಕರಗಿದ ದ್ರವದಲ್ಲಿ, ಉಪ್ಪನ್ನು ನೀರಿನಲ್ಲಿ ಬೆರೆಸುವಂತೆ ಬೆರೆಸಿದರೆ, ಸುಮಾರು 960 ಡಿಗ್ರಿಯಲ್ಲಿಯೇ ಕೆಲಸ ಸಾಗುವುದು. ಆಮೇಲೆ ಇದ್ದಿಲಿನ ಕಂಬಗಳ ಮೂಲಕ ವಿದ್ಯುತ್ತನ್ನು ಹರಿಸಬೇಕು. ಬೆಂಕಿಗೆ ಬಗ್ಗದ ಲೋಹವು ವಿದ್ಯುತ್ತಿಗೆ ಬಗ್ಗಿ, ಕರಗಿದ ಬೆಳ್ಳಿಯಂತೆ ತಳದಲ್ಲಿ ಕೂಡುವುದು. ಎರಡೇ ವರ್ಷಗಳ ಮೇಲೆ ಬಾಯರ್ ಎಂಬ ಆಸ್ಟ್ರಿಯದವನು ಬಾಕ್ಸೈಟ್ ಅದಿರನ್ನು ಶೋಧಿಸುವ ಸುಲಭಕ್ರಮವನ್ನು ಕೊಟ್ಟನು. 1880ರ ದಶಕದ ನಡುವಿನಲ್ಲಿ ಪೌಂಡಿಗೆ ಹತ್ತು ಹನ್ನೆರಡು ಡಾಲರುಗಳಿದ್ದ ಬೆಲೆ ಹತ್ತು ವರ್ಷಗಳೊಳಗೆ ಒಂದು ಡಾಲರಿಗಿಂತಲೂ ಕೆಳಗಿಳಿಯಿತು.

ಇಂದಿಗೂ ಕ್ರಮವು ಅದೇ. ಸುಮಾರು ನಾಲ್ಕು ಟನ್ನು ಅದಿರಿನಿಂದ ಎರಡು ಟನ್ನು ಬಿಳಿಯ ಪುಡಿ, ಅದರಿಂದ ಒಂದು ಟನ್ನು ಲೋಹ. ಟನ್ನಿಗೆ ವಿದ್ಯುತ್ತು ಹೆಚ್ಚುಕಡಮೆ 14,000 ಯೂನಿಟ್ಟು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋ ಅಲ್ಯುಮಿನಿಯಮ್ಮಿನಲ್ಲಿ ಅಡಗಿರುವ ವಿದ್ಯುತ್ತಿನಿಂದ 10 ವಾಟಿನ ದೀಪವೊಂದನ್ನು ದಿನಕ್ಕೆ ಐದು ಗಂಟೆಯಂತೆ ಒಂಬತ್ತು ತಿಂಗಳು ಉರಿಸಬಹುದು. ಈ ಕಾರಣದಿಂದಲೇ ಅಲ್ಯುಮಿನಿಯಮ್ಮಿನ ಕಾರ್ಖಾನೆಗಳು ವಿದ್ಯುತ್ತನ್ನು ಹುಡುಕಿಕೊಂಡು ಹೋಗುವವು. ಭಾರತದಲ್ಲಿ ಮೊದಲು 1943ರಲ್ಲಿ ಈ ಲೋಹವನ್ನು ತೆಗೆದುದು ಕೇರಳದ ಆಲುವೆಯ ಬಳಿ, ಪಳ್ಳಿವಾಸಲ್ ಜಲಪಾತದ ವಿದ್ಯುತ್ತಿನ ಬಲದಿಂದ. ನಮ್ಮ ಬೆಳಗಾವಿಯಲ್ಲಿಯೂ 1970ರ ಸುಮಾರಿಗೆ ಕಾರ್ಖಾನೆಯಾಯಿತು. ಅಲ್ಲಿ ಲೋಹ ತೆಗೆಯುವ ಕೆಲಸವು ನಿಂತುಹೋಗಿ, ಅದಿರನ್ನು ಶೋಧಿಸಿ ಪುಡಿಮಾಡುವ ಕೆಲಸ ಉಳಿದುಕೊಂಡಿದೆ.

ಲೋಹವು ಈ ದೇಶದಲ್ಲಿ ತಯಾರಾಗುವುದಕ್ಕೆ ಎಷ್ಟೋ ಮುಂಚೆಯೇ ಪಾತ್ರೆಗಳು ತಯಾರಾಗಹತ್ತಿದ್ದವು. 1898ರಲ್ಲಿ ಮದರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರು ವಿದೇಶದಿಂದ ತಗಡನ್ನು ತರಿಸಿ, ಹಿತ್ತಾಳೆ ತಾಮ್ರಗಳ ಕೆಲಸವನ್ನು ಬಲ್ಲ ಕುಶಲಿಗಳ ಕೈಗೆ ಕೊಟ್ಟು ಅಲ್ಯುಮಿನಿಯಂ ಪಾತ್ರೆಗಳನ್ನು ಬಡಿಸಲಾರಂಭಿಸಿದರು. ಕೆಲವು ವರ್ಷಗಳಲ್ಲಿ ಅದು ಶಾಲೆಯನ್ನು ಬಿಟ್ಟು ಹೊರಗಿನ ಉದ್ಯಮವಾಗಿ ಬೆಳೆಯಿತು. ಇದೇ ಚಾಟರ್ಟನ್ನರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕಲಾಯಿಯ ಖರ್ಚಿಲ್ಲದ, ಹೊರಲು ಹಗುರವಾದ, ಬೇಗ ಕಾಯುವ ಪಾತ್ರೆಯನ್ನು ಜನರು ಬೇಡವೆನ್ನಲಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದನ್ನು ‘ಜರ್ಮನ್’ ಪಾತ್ರೆಯೆಂದು ಕರೆಯುವುದುಂಟು.

ಈಗ ತಪ್ಪಲೆಯ ಮಾತಿಗೆ ಬರೋಣ. ಆಮ್ಲಜನಕದ ಮೇಲೆ ಅಷ್ಟು ಮೋಹವಿರುವ ಲೋಹವು ಗಾಳಿಯಲ್ಲಿಟ್ಟ ಕೂಡಲೆ ತುಕ್ಕು ಹಿಡಿದು ಪುಡಿಯಾಗಬೇಕಾಗಿತ್ತಲ್ಲವೆ ಎಂದು ವಾಚಕರು ಕೇಳಬಹುದು. ತುಕ್ಕು ಹಿಡಿಯುವುದು ನಿಜ, ಪುಡಿಯಾಗುವುದಿಲ್ಲ. ಕಬ್ಬಿಣದ ತುಕ್ಕು ಹೊಪ್ಪಳೆಹೊಪ್ಪಳೆಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಪ್ಪಿಸುವುದು. ಅಲ್ಯುಮಿನಿಯಮ್ಮಿನ ತುಕ್ಕು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ ಪೊರೆಯಾಗಿ, ಲೋಹಕ್ಕೆ ಅಂಟಿಕೊಂಡು, ಮುಂದಕ್ಕೆ ಗಾಳಿಯನ್ನು ಬಿಡದೆ ಕಾಯುವುದು. ಗೀರಿದರೆ ಗೀರಿದ ಕ್ಷಣದಲ್ಲಿಯೇ ಹೊಸ ಪೊರೆ ಹುಟ್ಟುವುದು. ಈ ಪೊರೆ ಯಾವ ವಸ್ತುವಿನದು? ಮಾಣಿಕ್ಯದ್ದೇ, ಹರಳುಗಟ್ಟಿಲ್ಲ, ಅಷ್ಟೆ. ಬಡವನ ಮನೆಯ ಅನ್ನದ ತಪ್ಪಲೆಯೂ ರತ್ನಕವಚವನ್ನು ತೊಟ್ಟು ಕುಳಿತಿದೆ ಎಂದರೆ ಅತಿಶಯೋಕ್ತಿಯೇನೂ ಆಗದು.

ಈ ಕವಚಕ್ಕೆ ಎರಡು ಶತ್ರುಗಳು: ಬಲವಾದ ಹುಳಿ, ಬಲವಾದ ಕ್ಷಾರ. ಸೋಡಾ ನೀರು ಮೊದಲು ಪೊರೆಯನ್ನು ಕರಗಿಸಿತು. ಬಟ್ಟೆ ಕಳೆದುಕೊಂಡ ಲೋಹವು ನೀರಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡಿತು. ಒಡನಾಡಿಯನ್ನು ಕಳೆದುಕೊಂಡ ಜಲಜನಕವು ಗುಳ್ಳೆಗಳಾಗಿ ಮೇಲೆದ್ದಿತು. ನಾವು ಕಂಡ ನೊರೆ ಅದೇ. ಒಲೆಯ ಮೇಲೆ ಉರಿಯುವ ಅನಿಲವನ್ನು ಉತ್ಪತ್ತಿಮಾಡುತ್ತ ನಿಂತಿದ್ದೆವೆಂಬುದು ಆಗ ನಮಗೆ ತೋಚಿರಲಿಲ್ಲ. ಸೀದ ತಳಕ್ಕೆ ಬರಿಯ ನೀರನ್ನು ಹಾಕಿ ನೆನೆಯಿಟ್ಟು, ಮೃದುವಾದ ನಾರಿನಿಂದ ಉಜ್ಜುವುದೇ ಸರಿಯಾದ ಉಪಾಯ. ಕಪ್ಪಾದ ಒಳಮೈಗೆ ನಿಂಬೆಯ ಹೋಳನ್ನೋ ಹುಣಿಸೆಯ ನೀರನ್ನೋ ಹಾಕಿ ಕೊಂಚ ಹೊತ್ತು ಕುದಿಸಿ ಚೆಲ್ಲಿದರೆ ಬೆಳ್ಳಗಾಗುವುದು. ಹೀಗೆ ಬೆಳ್ಳಗಾಗುವುದೆಂದರೆ ಮೇಲಿನ ಒಂದಿಷ್ಟು ಲೋಹವು ಹುಳಿಯಲ್ಲಿ ಕರಗಿತೆಂದೇ ಅರ್ಥ. ಆದ್ದರಿಂದ ಅದೇ ಪಾತ್ರೆಯಲ್ಲಿ ಹುಳಿಯನ್ನೋ ಸಾರನ್ನೋ ಮಾಡಿ ರಾತ್ರಿಯೆಲ್ಲ ಇಟ್ಟರೆ ಏನಾಗುವುದೆಂಬುದನ್ನು ಗೃಹಿಣಿಯರೇ ಊಹಿಸಬಲ್ಲರು. ಅನ್ನ ಬೇಯಿಸಲು, ಹಾಲು ಕಾಯಿಸಲು, ಇಡ್ಲಿ ಹಬೆಯಲ್ಲಿಡಲು ಅಲ್ಯುಮಿನಿಯಂ ಒಳ್ಳೆಯದು. ಗೊಜ್ಜು, ಮೊಸರು, ಮಜ್ಜಿಗೆ, ಉಪ್ಪಿನಕಾಯಿಗಳನ್ನು ಅದರಲ್ಲಿ ತುಂಬಿಡಬಾರದು. ಉಪ್ಪು ಕೂಡ ಸುಮ್ಮನಿರದು. ಉಪ್ಪುನೀರು ನಿಂತೆಡೆಯಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುವವು. ಕಲ್ಚಟ್ಟಿಯನ್ನೂ ಭರಣಿಯನ್ನೂ ಹಿರಿಯರು ಹುಳಿಗೆ ಮೀಸಲಿಟ್ಟುದು ಈ ಲೋಹ ಬರುವುದಕ್ಕೆ ಮುಂಚಿನ ರೂಢಿಯಾದರೂ ಇಲ್ಲಿಗೂ ಒಪ್ಪುವುದು.

ಅಲ್ಯುಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುವುದೆಂಬ ಭಯವು ಅನೇಕ ಮನೆಗಳಲ್ಲಿದೆ. 1960, 70ರ ದಶಕಗಳಲ್ಲಿ ವೈದ್ಯವಿಜ್ಞಾನಿಗಳಲ್ಲಿ ಕೆಲವರಿಗೆ ಈ ಸಂಶಯ ಹುಟ್ಟಿದುದು ಸತ್ಯ. ಇದುವರೆಗಿನ ಶೋಧನೆಯಿಂದ ಪಾತ್ರೆಯೇ ಅದಕ್ಕೆ ಕಾರಣವೆಂದು ಸಿದ್ಧಪಟ್ಟಿಲ್ಲ. ತಿಂದ ಅಲ್ಯುಮಿನಿಯಮ್ಮಿನ ಬಹುಪಾಲು ದೇಹದೊಳಕ್ಕೆ ಸೇರದೆಯೇ ಹೊರಬೀಳುವುದು; ಸೇರಿದ ಅಲ್ಪವನ್ನು ಮೂತ್ರಪಿಂಡಗಳು ಹೊರಹಾಕುವವು. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ ಇವುಗಳ ಜಂಟಿ ತಜ್ಞಸಮಿತಿಯು 2011ರಲ್ಲಿ, ದೇಹದ ಒಂದೊಂದು ಕಿಲೋ ತೂಕಕ್ಕೆ ವಾರಕ್ಕೆ 2 ಮಿಲಿಗ್ರಾಮಿನವರೆಗೆ ಬಾಧಕವಿಲ್ಲವೆಂದು ನಿರ್ಣಯಿಸಿತು. 60 ಕಿಲೋ ತೂಗುವವರಿಗೆ ಇದು ವಾರಕ್ಕೆ 120 ಮಿಲಿಗ್ರಾಂ. ಮೂತ್ರಪಿಂಡಗಳು ಕೆಟ್ಟವರ ಮಾತು ಬೇರೆ. ಅವರಲ್ಲಿ ಈ ಲೋಹವು ಸಂಚಯವಾಗಿ ಕೇಡುಮಾಡಬಲ್ಲುದು. ಅವರ ಅಡುಗೆಗೆ ಬೇರೆ ಪಾತ್ರೆಯನ್ನು ಬಳಸುವುದು ವಿವೇಕ.

ನಮಗೆ ಇದಕ್ಕಿಂತಲೂ ಹೆಚ್ಚಿನ ಚಿಂತೆಯನ್ನುಂಟುಮಾಡುವುದು ಸಂತೆಯ ಅಗ್ಗದ ಪಾತ್ರೆ. ಹಳೆಯ ಯಂತ್ರದ ಚೂರುಗಳು, ಬಣ್ಣ ಬಳಿದ ತಗಡುಗಳು, ಎಲ್ಲವನ್ನೂ ಒಟ್ಟಿಗೆ ಕರಗಿಸಿ ಎರಕಹೊಯ್ದ ಪಾತ್ರೆಗಳಿಂದ ಆಹಾರದೊಳಕ್ಕೆ ಸೀಸವು ಇಳಿಯುವುದೆಂದು ಆಫ್ರಿಕ, ಏಷ್ಯಗಳ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳು ತೋರಿಸಿವೆ. ಸೀಸದಿಂದ ಮಕ್ಕಳ ಬುದ್ಧಿಗಾಗುವ ಹಾನಿಯಲ್ಲಿ ಸಂಶಯವೇ ಇಲ್ಲ. ಪಾತ್ರೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವೆಂದು ಕೇಂದ್ರ ಸರಕಾರವು 2024ರ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು. ಕೊಳ್ಳುವಾಗ ತಳವನ್ನು ಬೋರಲು ಹಾಕಿ ಆ ಮುದ್ರೆಯನ್ನು ನೋಡುವ ಅಭ್ಯಾಸವನ್ನು ನಾವಂತೂ ಮಾಡಿಕೊಂಡಿದ್ದೇವೆ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮೈ ಬೂದುಬಣ್ಣವಾಗಿ ಗಡುಸಾಗಿರುವ, ಬೆಲೆಯೂ ಹೆಚ್ಚಾಗಿರುವ ಹೊಸ ಬಗೆಯ ಪಾತ್ರೆಗಳಲ್ಲಿ ಆ ರತ್ನಕವಚವನ್ನೇ ವಿದ್ಯುತ್ತಿನಿಂದ ಸಾವಿರಾರು ಪಾಲು ದಪ್ಪಮಾಡಿರುವರು. ಹುಳಿಗೆ ಅವು ಹೆಚ್ಚು ತಾಳುವವು.

ಅಡುಗೆಮನೆಯಿಂದ ಹೊರಗೆ ಬಂದರೆ ಇದರ ಬಂಧುಬಳಗಕ್ಕೆ ಕೊನೆಯಿಲ್ಲ. ಇದು ಕಬ್ಬಿಣದ ಮೂರನೆಯ ಒಂದು ಪಾಲು ತೂಗುವುದು. ಆದರೆ ಶುದ್ಧಲೋಹ ಮೆತ್ತಗೆ. 1906ರ ಸುಮಾರಿಗೆ ಜರ್ಮನಿಯ ವಿಲ್ಮ್ ಎಂಬಾತನು ಇದಕ್ಕೆ ಕೊಂಚ ತಾಮ್ರ, ಮೆಗ್ನೀಸಿಯಂ ಸೇರಿಸಿ, ಕಾಸಿ, ನೀರಿನಲ್ಲಿ ಅದ್ದಿ ತೆಗೆದನು. ಆ ದಿನ ಅದು ಹೇಳಿಕೊಳ್ಳುವಷ್ಟು ಗಟ್ಟಿಯಾಗಿರಲಿಲ್ಲ. ವಾರಾಂತ್ಯದ ವಿರಾಮ ಮುಗಿಸಿ ಮತ್ತೆ ಅಳೆದಾಗ ಯಾರೂ ಮುಟ್ಟದೆಯೇ ತಾನಾಗಿ ಗಟ್ಟಿಯಾಗಿತ್ತು. ಉಪ್ಪಿನಕಾಯಿ ಇಟ್ಟು ಮಾಗಿಸುವಂತೆ ಈ ಲೋಹವನ್ನೂ ಮಾಗಿಸಬಹುದೆಂದು ಗೊತ್ತಾಯಿತು. ಡ್ಯೂರಾಲುಮಿನ್ ಎಂಬ ಆ ಮಿಶ್ರಲೋಹದಿಂದಲೇ ವಿಮಾನಗಳು ಮರವನ್ನೂ ಬಟ್ಟೆಯನ್ನೂ ಬಿಟ್ಟು ಲೋಹದ ಮೈ ಪಡೆದವು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯಲ್ಲಿ ನಮ್ಮ ನಾಡಿನವರ ಕೈಗಳು ಈ ತಗಡಿಗೆ ಹೊಂದಿಕೊಂಡವು. ವಿಮಾನದೊಳಗೆ ಪಾದರಸದ ಉಷ್ಣಮಾಪಕವನ್ನು ಒಯ್ಯಗೊಡದಿರುವುದಕ್ಕೂ ಆ ಪೊರೆಯೇ ಕಾರಣ: ಚೆಲ್ಲಿದ ಪಾದರಸವು ಗೀರಿದ ಎಡೆಯಲ್ಲಿ ಪೊರೆ ಮತ್ತೆ ಕೂಡದಂತೆ ಮಾಡಿ ಲೋಹವನ್ನು ತಿಂದುಹಾಕುವುದು.

ಊರಿಂದೂರಿಗೆ ಹೋಗುವ ವಿದ್ಯುತ್ತಿನ ಉದ್ದನೆಯ ತಂತಿಗಳು ಉಕ್ಕಿನ ಎಳೆಯ ಸುತ್ತ ಹೊಸೆದ ಅಲ್ಯುಮಿನಿಯಂ. ತೂಕಕ್ಕೆ ತೂಕ ನೋಡಿದರೆ ಇದು ತಾಮ್ರದ ಎರಡರಷ್ಟು ವಿದ್ಯುತ್ತನ್ನು ಒಯ್ಯಬಲ್ಲುದು. ಬಸ್ಸುಗಳ ಹೊರಮೈ, ಕಿಟಕಿಯ ಚೌಕಟ್ಟು, ಮಾತ್ರೆಗಳ ಪಟ್ಟಿಯ ಹೊಳೆಯುವ ಹಾಳೆ, ಹಳ್ಳಿಯ ಹಾಲನ್ನು ಡೈರಿಗೆ ತರುವ ಕ್ಯಾನು, ಇವನ್ನು ಎಲ್ಲರೂ ಬಲ್ಲರು. ಕಾವಲೂರಿನಲ್ಲಿ 1986ರಿಂದ ಆಕಾಶವನ್ನು ನೋಡುತ್ತಿರುವ 234 ಸೆಂಟಿಮೀಟರ್ ಅಗಲದ ದೂರದರ್ಶಕದ ಕನ್ನಡಿಗೆ ಹೊಳಪು ಕೊಡುವುದೂ ಅಲ್ಯುಮಿನಿಯಮ್ಮಿನ ಲೇಪವೇ. ರೈಲುಕಂಬಿಗಳನ್ನು ಬೆಸೆಯುವಾಗಲಂತೂ ಇದರ ಮೋಹದ ಉಗ್ರರೂಪವನ್ನು ಕಾಣಬಹುದು: ಅಲ್ಯುಮಿನಿಯಂ ಪುಡಿಯನ್ನು ಕಬ್ಬಿಣದ ತುಕ್ಕಿನೊಡನೆ ಬೆರೆಸಿ ಹೊತ್ತಿಸಿದರೆ, ತುಕ್ಕಿನಿಂದ ಆಮ್ಲಜನಕವನ್ನು ಸೆಳೆದುಕೊಂಡು, ಆ ರಭಸದ ಶಾಖದಿಂದಲೇ ಕಬ್ಬಿಣವನ್ನು ನೀರಾಗಿಸಿ ಕಂಬಿಗಳ ಸಂದಿಗೆ ಸುರಿಯುವುದು. ಇನ್ನು ನಮ್ಮ ವಯಸ್ಸಿನವರು ಒಂದು, ಎರಡು, ಮೂರು ಪೈಸೆಯ ಅಲ್ಯುಮಿನಿಯಂ ನಾಣ್ಯಗಳನ್ನು ಮರೆತಿರಲಾರರು. ಹುಷಾರಾಗಿ ನೀರಿನ ಮೇಲೆ ಮಲಗಿಸಿದರೆ ಅವು ತೇಲುತ್ತಿದ್ದವು. ಬೋಗುಣಿಯ ಸುತ್ತ ಕುಳಿತು ಉಸಿರು ಬಿಗಿಹಿಡಿದು ಆಡಿದ ಆಟವದು. 2011ರಲ್ಲಿ ಸಣ್ಣ ಪೈಸೆಗಳ ಚಲಾವಣೆಯೇ ನಿಂತುಹೋಯಿತು.

ತೂತಾದ ತಪ್ಪಲೆಯನ್ನು ಎಸೆಯಲು ನಾವು ಹೊರಟಿದ್ದೆವು. ಅತ್ತಿಗೆಯವರು ತಡೆದು ಅಟ್ಟದ ಮೇಲಿಟ್ಟರು. ಅವರಿಗೆ ಯೂನಿಟ್ಟಿನ ಲೆಕ್ಕ ಗೊತ್ತಿರಲಿಲ್ಲ. ಆದರೆ ಹಳೆಯ ಅಲ್ಯುಮಿನಿಯಮ್ಮನ್ನು ಮತ್ತೆ ಕರಗಿಸಲು ಅದಿರಿನಿಂದ ಹೊಸದಾಗಿ ತೆಗೆಯುವ ವಿದ್ಯುತ್ತಿನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಆಮ್ಲಜನಕದ ಕೈಯಿಂದ ಅದನ್ನು ಬಿಡಿಸುವ ಕಷ್ಟವು ಒಮ್ಮೆ ಆದುದೇ ಆಯಿತು. ಹೋದ ಭಾನುವಾರ ಹಳೆಯ ಸಾಮಾನು ಕೊಳ್ಳುವವನು ಬಂದಾಗ ತಪ್ಪಲೆಯ ಜೊತೆಗೆ ಮುರಿದ ಜರಡಿಯನ್ನೂ, ಹಿಡಿ ಕಳಚಿದ ಎರಡು ಸೌಟುಗಳನ್ನೂ ತಂದಿಟ್ಟರು. ಅವನು ಅಲ್ಯುಮಿನಿಯಮ್ಮನ್ನು ಕಬ್ಬಿಣದಿಂದ ಬೇರೆಮಾಡಿ ತೂಗಿದನು. ಒಂದು ಕಿಲೋಗೆ ಕೊಂಚ ಹೆಚ್ಚೇ ಆಯಿತು. ಬಂದ ಹಣವನ್ನು ಅತ್ತಿಗೆಯವರು ಹೊಸ ತಪ್ಪಲೆಯ ಲೆಕ್ಕಕ್ಕೆ ಎತ್ತಿಟ್ಟು, ಸೋಡಾದ ಡಬ್ಬಿಯನ್ನು ಅಡುಗೆಮನೆಯಿಂದ ಬಚ್ಚಲುಮನೆಯ ಗೂಡಿಗೆ ಸಾಗಿಸಿದರು.